ಗಂಗಾಬಾಯಿಯ ತಲೆ ಮತ್ತು ಅಂಬಾದಾಸನ ಉಸ್ತರಾ

ಅಂಬಾದಾಸನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ತಲೆ ನೆನಪಿರುತ್ತದೆ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಇಳಿದು ಬರುವಾಗ ಯಾರಾದರೂ ಕೈಮುಗಿದು, "ಏಮನ್ನಾ, ಗುರ್ತುಪಟ್ಟಲೇದಾ?" ಗುರುತು ಸಿಗಲಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದರೆ ಕಣ್ಣು ಕಿರಿದು ಮಾಡಿಕೊಂಡು ನಿಂತುಬಿಡುತ್ತಾನೆ. ಎದುರಿಗಿರುವ ಮೀಸೆ, ಕನ್ನಡಕ, ಹೊಟ್ಟೆ ಯಾವುದೂ ಅವನಿಗೆ ಏನನ್ನೂ ಹೇಳುವುದಿಲ್ಲ. ಆ ಮನುಷ್ಯ ಬೇಜಾರು ಮಾಡಿಕೊಂಡು ತಿರುಗಿದಾಗ ಹಿಂದಲೆ ಕಾಣಿಸಬೇಕು, ಆಗ ನೋಡಿ ಇವನ ಮುಖ ಅರಳುವುದು. "ಅರೆರೆ, ಎರಡು ಸುಳಿಯವರಲ್ಲೇನ್ರಿ! ಎಡಗಿವಿ ಹಿಂದ ಸಣ್ಣ ಗಂಟು ಇತ್ತು!" ಎಂದು ಕನ್ನಡದಲ್ಲೇ ಕೂಗಿಬಿಡುತ್ತಾನೆ.

ಹೀಗೆ ಅವನು ಹಿಂದಲೆಯಿಂದ ಗುರುತು ಹಿಡಿಯುವವರೆಲ್ಲ ಒಂದು ಕಾಲಕ್ಕೆ ಮೆದುಳಿನ ಆಪರೇಷನ್ ಮಾಡಿಸಿಕೊಂಡವರು. ಅಂಬಾದಾಸ ದೊಡ್ಡ ಆಸ್ಪತ್ರೆಯೊಂದರ ಕ್ಷೌರಿಕನಾಗಿದ್ದ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಅದರಿಂದ ಯಾರಿಗೂ ಉಪಕಾರವಿಲ್ಲ. ಊರು ಶಹಾಪುರದ ಕಡೆಯ ಹಳ್ಳಿ, ಕುಲಕಸುಬೇ ಕ್ಷೌರ. ಹೈದರಾಬಾದಿಗೆ ಬಂದದ್ದು ಮಾತ್ರ ಕಟ್ಟಡದ ಕೂಲಿಗಳ ಗುಂಪಿನ ಜೊತೆ. ಸಿಮೆಂಟಿನ ಬುಟ್ಟಿ ಹೊತ್ತು ಒಂದು ಮಹಡಿ ಹತ್ತಿದವನು, ಇದು ತನ್ನ ಕೈಲಾಗುವ ಕೆಲಸವಲ್ಲ ಎಂದು ಇಳಿದು, ಬೀದಿಬದಿಯಲ್ಲಿ ಕನ್ನಡಿ ನೇತುಹಾಕಿ ಕುರ್ಚಿ ಇಟ್ಟ. ಅಲ್ಲಿಂದ ಯಾರದೋ ಶಿಫಾರಸಿನಿಂದ ಆಸ್ಪತ್ರೆ ಸೇರಿದ. ಮರುದಿನ ಆಪರೇಷನ್ ಇದ್ದವರ ಕೂದಲು ತೆಗೆಯುವುದು ಅವನ ಕೆಲಸ. ಮೆದುಳಿನ ವಾರ್ಡೆಂದರೆ ಅವನಿಗೆ ಭಾರೀ ಪ್ರೀತಿ, ಏಕೆಂದರೆ ಅಲ್ಲಿ ಇಡೀ ತಲೆ ಅವನದು.

ಅವನ ಕ್ಷೌರದ ಕತ್ತಿಗೆ ಅವನು ಉಸ್ತರಾ ಎನ್ನುತ್ತಿದ್ದ. ಹಿಡಿ ಅಪ್ಪನ ಕಾಲದ್ದು, ಬ್ಲೇಡು ಮಾತ್ರ ಪ್ರತಿ ತಲೆಗೂ ಹೊಸದು. ಅದರಲ್ಲಿ ಅವನು ಎಂದೂ ಜಿಪುಣತನ ಮಾಡಿದವನಲ್ಲ. ಕೈ ಎಷ್ಟು ಹದವೆಂದರೆ, ನಾಳೆ ಏನಾಗುವುದೋ ಎಂದು ನಡುಗುತ್ತ ಕುಳಿತವರು ಅವನ ಮಾತು ಕೇಳುತ್ತ ಕೇಳುತ್ತ ತೂಕಡಿಸುತ್ತಿದ್ದರು. ಬೆಳಿಗ್ಗೆ ರೌಂಡ್ಸಿಗೆ ಬಂದ ಆಗಿನ ಹಿರಿಯ ಸರ್ಜನ್ ಆ ತಲೆಯ ಮೇಲೆ ಅಂಗೈ ಆಡಿಸಿ, "ವಾಹ್ ಅಂಬಾದಾಸ್, ಕನ್ನಡಿ!" ಎನ್ನುತ್ತಿದ್ದರು. ಆ ಒಂದು ಮಾತನ್ನು ಅಂಬಾದಾಸ ಮನೆಗೆ ತಂದು ಹೆಂಡತಿ ಗಂಗಾಬಾಯಿಗೆ ಎಷ್ಟು ಸಲ ಬಡಿಸಿದ್ದನೋ ಲೆಕ್ಕವಿಲ್ಲ. ಆಕೆ ಜಂಪರಿಗೆ ಹುಕ್ಕು ಹೊಲಿಯುತ್ತ, "ಆತಪಾ ಆತು, ಆ ಕನ್ನಡ್ಯಾಗ ನಿಮ್ಮ ಮಾರಿ ನೋಡ್ಕೊಂಡ್ರೇನು?" ಎಂದು ಕಿಚಾಯಿಸುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಗೆ ಸಿಸ್ಟರ್ ಶರ್ವರಿ ಬಂದಳು. ನಾರಾಯಣಗೂಡದ ಹಳೆಯ ಮನೆತನದ ಹುಡುಗಿ, ಅಜ್ಜನ ಕಾಲದಿಂದ ಸರಕಾರಿ ನೌಕರಿಯ ಮನೆ, ಮನೆಮಾತು ಕನ್ನಡ. ವಾರ್ಡಿನಲ್ಲಿ ಕನ್ನಡ ಆಡುವವರು ಸಿಕ್ಕರೆಂದು ಅಂಬಾದಾಸ ಮೊದಮೊದಲು ಹಿಗ್ಗಿದ. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಆಪರೇಷನ್ನಾದ ಮೇಲೆ ಗಾಯ ಕೀವಾಗುವುದೇಕೆ ಎಂದು ಹುಡುಕಿ ತಡೆಯುವುದೇ ಶರ್ವರಿಯ ಕೆಲಸವಾಗಿತ್ತು. ತಲೆಯ ಗಾಯ ಕೆಟ್ಟರೆ ಕೈಕಾಲಿನ ಗಾಯ ಕೆಟ್ಟಂತಲ್ಲ, ನಂಜು ಮೆದುಳಿನ ಪೊರೆಗೇ ಇಳಿಯುತ್ತದೆ, ಆಪರೇಷನ್ ಗೆದ್ದವನು ಜ್ವರದಲ್ಲಿ ಸೋಲುತ್ತಾನೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಎರಡನೇ ಸಲ ತಲೆ ತೆರೆಸಿಕೊಂಡವರು, ಆಪರೇಷನ್ ತಾಸುಗಟ್ಟಲೆ ನಡೆದವರು, ಹೊಲಿಗೆಯ ಸಂದಿಯಿಂದ ನೀರು ಒಸರಿದವರು, ಇಂಥವರ ಮೇಲೆ ಆಕೆಯ ಕಣ್ಣು ಸದಾ ಇರುತ್ತಿತ್ತು. ದೊಡ್ಡ ಡಾಕ್ಟರುಗಳನ್ನೂ ತಡೆದು ನಿಲ್ಲಿಸಿ ಕೈ ತೊಳೆಸುತ್ತಿದ್ದಳು. ಒಂದು ದಿನ ಅಂಬಾದಾಸನ ಸರದಿಯೂ ಬಂತು.

"ಕಾಕಾ, ಇನ್ನ ಮ್ಯಾಲೆ ಉಸ್ತರಾ ಬ್ಯಾಡ," ಎಂದಳು.

"ಯಾಕ್ರಿ ಸಿಸ್ಟರ್? ಪ್ರತಿ ತಲಿಗೂ ಹೊಸಾ ಬ್ಲೇಡ್ ಹಾಕ್ತೀನಿ."

"ಬ್ಲೇಡಿಂದು ತಪ್ಪಲ್ಲ ಕಾಕಾ, ನಿಮ್ಮ ಕೈದೂ ತಪ್ಪಲ್ಲ. ಎಷ್ಟ ಹಗೂರ ಎಳೆದರೂ ಚರ್ಮದ ಮ್ಯಾಲೆ ಕಣ್ಣಿಗೆ ಕಾಣದಂಥ ಗೀರು ಬೀಳ್ತಾವ. ಚರ್ಮದ ಮ್ಯಾಲೇ ಇರೋ ರೋಗದ ಹುಳ ರಾತ್ರಿಯೆಲ್ಲಾ ಅದರಾಗ ಹೊಕ್ಕು ಬೆಳೀತಾವ. ಬೆಳಿಗ್ಗೆ ಡಾಕ್ಟರು ಅಲ್ಲೇ ಕೊಯ್ತಾರ. ಕೂದಲು ಇದ್ರ ಇರಲಿ. ಭಾಳ ಅಡ್ಡ ಬಂದ್ರ ಆಪರೇಷನ್ನಿನ ಸ್ವಲ್ಪ ಮೊದಲು ಮಷೀನಿನಿಂದ ಬೆರಳಗಲ ತೆಗೀತೀವಿ, ಅಷ್ಟ ಸಾಕು."

ಅಂಬಾದಾಸ ಕೈಯಲ್ಲಿದ್ದ ಉಸ್ತರಾ ಮಡಿಚಿದ. "ಅಂದ್ರ ಇಷ್ಟ ವರ್ಷ ನಾ ಮಂದಿಗೆ ರೋಗ ಹಚ್ಚೀನೇನ್ರಿ?"

ಶರ್ವರಿ ಒಳ್ಳೆಯ ಹುಡುಗಿ. ಆಗ ಎಲ್ಲ ಆಸ್ಪತ್ರೆಯಲ್ಲೂ ಹಾಗೇ ನಡೆಯುತ್ತಿತ್ತು, ಡಾಕ್ಟರುಗಳೇ ಮಾಡಿಸುತ್ತಿದ್ದರು, ನಿಮ್ಮದೇನಿದೆ ಎಂದು ಸಮಾಧಾನ ಹೇಳಿದಳು. ಆದರೆ ಹೇಳುವ ಮೊದಲು ಸ್ವಲ್ಪ ತಡೆದಳು. ಅಂಬಾದಾಸನ ಕಿವಿಗೆ ಬಿದ್ದದ್ದು ಆಕೆಯ ಸಮಾಧಾನವಲ್ಲ, ಆ ತಡೆದದ್ದು. ಸ್ಟೇಷನ್ನಿನಲ್ಲಿ ತನಗೆ ನಮಸ್ಕಾರ ಹೇಳುವವರೆಲ್ಲ ಬದುಕಿದವರು, ಬದುಕದವರು ಬಂದು ನಮಸ್ಕಾರ ಹೇಳುವುದಿಲ್ಲ ಎಂಬ ಯೋಚನೆ ಅವನಿಗೆ ಹುಟ್ಟಿದ್ದೇ ಅಂದು. ಹುಟ್ಟಿದ ಕೂಡಲೇ ಅದರ ಕತ್ತು ಹಿಸುಕಿದ. ಸಿಸ್ಟರ್ ಓದಿದವಳು, ಪುಸ್ತಕದ ಮಾತು ಹೇಳುತ್ತಾಳೆ, ನುಣ್ಣಗಿನ ತಲೆಯಷ್ಟು ಚೊಕ್ಕ ಯಾವುದಿದೆ ಎಂದು ತನಗೆ ತಾನೇ ಹೇಳಿಕೊಂಡ.

ಶರ್ವರಿ ಅವನಿಗೆ ಬೇರೆ ಕೆಲಸ ಕೊಡಲು ಬಂದಳು. ಔಷಧಿಯ ನೀರಿನಿಂದ ರೋಗಿಯ ತಲೆ ತೊಳೆದು, ಕೊಯ್ಯುವ ಗೆರೆಯುದ್ದಕ್ಕೂ ಬೈತಲೆ ತೆಗೆದು, ಆಚೀಚೆಯ ಕೂದಲನ್ನು ಬಿಗಿಯಾಗಿ ಹೆಣೆದು ಕಟ್ಟಬೇಕು. ತಲೆಯ ಮೇಲೆ ನಿಮ್ಮಷ್ಟು ಕೈ ಆಡಿದವರು ಯಾರಿದ್ದಾರೆ ಕಾಕಾ ಎಂದು ಪುಸಲಾಯಿಸಿದಳು. ಅಂಬಾದಾಸ ಸೆಟೆದುಕೊಂಡ. "ಗಂಡಸು ಜಡಿ ಹಾಕೂದೇನ್ರಿ? ನಮ್ಮ ಊರಾಗ ಕೇಳಿದ್ರ ನಗ್ತಾರ," ಎಂದವನೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿಕೊಂಡು ಚಾದರ ಮಡಿಸುತ್ತ ದಿನ ತಳ್ಳಿದ. ಉಸ್ತರಾ ಮನೆಯ ಸ್ಟೀಲಿನ ಡಬ್ಬಿಯಲ್ಲಿ ಮಲಗಿತು.

ಗಂಗಾಬಾಯಿಯ ಕಣ್ಣು ಕೈಕೊಡತೊಡಗಿದ್ದು ಆಮೇಲಿನ ಮಾತು. ಮೊದಲು ಸೂಜಿಗೆ ದಾರ ಹೋಗಲೊಲ್ಲದು ಎಂದಳು. ಕನ್ನಡಕ ಬಂತು. ಆಮೇಲೆ ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳತೊಡಗಿದಳು. ಎಡಕ್ಕಿಟ್ಟ ಚಹದ ಕಪ್ಪನ್ನು ಒದ್ದು ಉರುಳಿಸಿ, "ಇದನ್ನ ಯಾರು ಇಲ್ಲಿ ಇಟ್ರು?" ಎಂದು ಗಂಡನನ್ನೇ ಬೈದಳು. ಅಂಬಾದಾಸ ಆಕೆಯನ್ನು ತನ್ನ ಆಸ್ಪತ್ರೆಗೇ ಕರೆದೊಯ್ದ. ಸ್ಕ್ಯಾನ್ ನೋಡಿದ ಡಾಕ್ಟರ್ ಪದ್ಮನಾಭ, ಕಣ್ಣಿನ ನರದ ಹತ್ತಿರ ಗಡ್ಡೆಯೊಂದು ಬೆಳೆದು ನರವನ್ನು ಒತ್ತುತ್ತಿದೆ ಎಂದರು. ಕೆಟ್ಟ ಜಾತಿಯ ಗಡ್ಡೆಯಲ್ಲ, ತೆಗೆದರೆ ಮುಗಿಯಿತು. ಆದರೆ ಬೇಗ ತೆಗೆಯಬೇಕು, ಕಣ್ಣು ಬಹಳ ದಿನ ಕಾಯುವುದಿಲ್ಲ.

ಗಂಗಾಬಾಯಿಯನ್ನು ರಕ್ತ ಪರೀಕ್ಷೆಗೆ ಕರೆದೊಯ್ದಾಗ ಡಾಕ್ಟರು ಅಂಬಾದಾಸನಿಗೆ ಉಳಿದದ್ದನ್ನೂ ಹೇಳಿದರು. ಅವರೂ ಕನ್ನಡದವರೇ, ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು. "ಅಂಬಾದಾಸ್, ಸಕ್ಕರಿ ಭಾಳ ಅದ, ಇಳಸಬೇಕು. ಈ ಔಷಧಿಯ ಸಾಬಾಣದಿಂದ ತಲಿ ತೊಳಕೊಳ್ಳಲಿಕ್ಕೆ ಹೇಳ್ರಿ, ಎಣ್ಣಿ ಬ್ಯಾಡ. ಮತ್ತ ಕೂದಲಕ್ಕ ಕೈ ಹಚ್ಚಬ್ಯಾಡ್ರಿ. ಬೆರಳಗಲ ನಾವೇ ತೆಗೀತೀವಿ." ಅಂಬಾದಾಸ ಹೂಂ ಎಂದ. ಈ ಹೂಂ ಅನ್ನುವುದಿದೆಯಲ್ಲ, ನಮ್ಮ ಜನ ಅದನ್ನು ದೊಡ್ಡವರ ಮಾತು ಬೇಗ ಮುಗಿಯಲಿ ಎಂದೂ ಹೇಳುತ್ತಾರೆ.

ಭರ್ತಿಯಾಗುವ ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಗಂಗಾಬಾಯಿ ಜಡೆ ಬಿಚ್ಚಿ ಮುಂದೆ ಹಾಕಿಕೊಂಡು ಕುಳಿತಳು. ಸೊಂಟ ದಾಟುವ ಕೂದಲು, ಅಲ್ಲೊಂದು ಇಲ್ಲೊಂದು ಬೆಳ್ಳಿಗೆರೆ.

"ಎಲ್ಲಾ ತಗೀತಾರೇನ್ರಿ?" ಎಂದು ಕೇಳಿದಳು.

ಇಲ್ಲ ಗಂಗಾ, ಬೆರಳಗಲ ಅಷ್ಟೇ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅಂಬಾದಾಸ ಹಾಗೆ ಹೇಳಲಿಲ್ಲ. "ಅವ್ರು ಮಷೀನ್ ಹಚ್ಚಿ ಅಲ್ಲಿಷ್ಟ ಇಲ್ಲಿಷ್ಟ ಕೆರೀತಾರ. ಕೂಳಿ ಉಳೀತಾವ, ಕೂಳ್ಯಾಗ ಹೊಲಸು ಕೂಡ್ತೈತಿ," ಎಂದ.

ಗಂಗಾಬಾಯಿ ಕೂದಲನ್ನು ಅಂಗೈಯಲ್ಲಿ ಸುತ್ತಿಕೊಂಡಳು. ಕ್ಷೌರಿಕರ ಮನೆಯಲ್ಲಿ ಹುಟ್ಟಿದವಳಿಗೆ ಹೆಣ್ಣಿನ ತಲೆ ಬೋಳಾಗುವುದೆಂದರೆ ಏನೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಆಕೆಯ ಮುತ್ಯಾನ ಅಪ್ಪನನ್ನು ಹಿಂದೆ ದೊಡ್ಡ ವಾಡೆಗಳಿಗೆ ಕರೆಸುತ್ತಿದ್ದರಂತೆ, ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸಲಿಕ್ಕೆ. ಕೆಲವರು ಇನ್ನೂ ಆಟದ ವಯಸ್ಸಿನವರು. ಅಂಥ ದಿನ ಆ ಮುದುಕ ಮನೆಗೆ ಬಂದು ಸ್ನಾನ ಮಾಡಿ, ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದನಂತೆ. ಆ ಮಾತು ಆ ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬರಿಂದ ಒಬ್ಬರಿಗೆ ಬಂದಿತ್ತು.

"ಹೋಗೂದಿದ್ರ ನಿಮ್ಮ ಕೈಲೇ ಹೋಗ್ಲಿ," ಎಂದಳು ಗಂಗಾಬಾಯಿ ಕಡೆಗೆ. "ಗಂಡ ಮುಂದ ಕುಂತು ತಗದಾನ ಅಂದ್ರ ಅದು ಆ ತಲಿ ಅಲ್ಲ. ಅದನ್ನ ಯಾರೂ ಹಂಗ ಅನ್ನೂದಿಲ್ಲ."

ಅಂಬಾದಾಸ ಸ್ಟೀಲಿನ ಡಬ್ಬಿ ತೆಗೆದ. ಬಿಸಿನೀರಿನಲ್ಲಿ ಕೂದಲು ನೆನೆಸಿದ, ಹೊಸ ಬ್ಲೇಡು ಹಾಕಿದ. ತನ್ನ ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಅವನು ಇನ್ನಾವ ತಲೆಯನ್ನೂ ಮುಟ್ಟಿದ್ದಿಲ್ಲ, ಅದರಲ್ಲಿ ಸುಳ್ಳಿಲ್ಲ. ಹಣೆಯಿಂದ ಹಿಂದಕ್ಕೆ, ಕಿವಿಯ ಸುತ್ತ, ಕತ್ತಿನ ಗುಳಿಯವರೆಗೆ ಎರಡೆರಡು ಸಲ ಎಳೆದ. ಗಂಗಾಬಾಯಿ ಕಣ್ಣು ಮುಚ್ಚಿ ಕುಳಿತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮುಗಿದ ಮೇಲೆ ಅಂಗೈ ಆಡಿಸಿ ನೋಡಿದ. ಕನ್ನಡಿ. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಮರುದಿನ ವಾರ್ಡಿನಲ್ಲಿ ಶರ್ವರಿ ಗಂಗಾಬಾಯಿಯ ತಲೆಯ ಸೆರಗು ಸರಿಸಿ ನಿಂತಲ್ಲೇ ನಿಂತಳು. ನುಣ್ಣನೆಯ ತಲೆಯ ಮೇಲೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳೆದ್ದಿದ್ದವು.

"ಅವ್ವಾ, ಇದನ್ನ ಯಾರು ತೆಗೆದ್ರು?"

"ಹರಕಿ ಇತ್ತುರಿ ಬಾಯಿ," ಎಂದಳು ಗಂಗಾಬಾಯಿ, ಒಂದಿಷ್ಟೂ ತೊದಲದೆ. "ಮೈಲಾರಲಿಂಗಗ ಮುಡಿ ಕೊಟ್ಟೆ."

"ಹೇಳಿ ಕಳಿಸಿದ್ವಲ್ಲ, ಕೂದಲು ತೆಗೀಬ್ಯಾಡ್ರಿ ಅಂತ? ನಾವು ಇಷ್ಟಗಲ ಮಾತ್ರ ತೆಗೀತಿದ್ವಿ. ಉಳಿದದ್ದೆಲ್ಲಾ ಹಂಗೇ ಇರ್ತಿತ್ತು." ಶರ್ವರಿ ತೋರುಬೆರಳು ಎತ್ತಿ ತೋರಿಸಿದಳು. ಕಿವಿಯ ಸುತ್ತಲಿನ ಆ ಅಚ್ಚುಕಟ್ಟು ಯಾರ ಕೈಯದೆಂದು ಆ ವಾರ್ಡಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಆಕೆ ಅಂಬಾದಾಸನತ್ತ ಒಮ್ಮೆ ನೋಡಿದಳು. ಗಂಗಾಬಾಯಿ ಮಾತ್ರ ಶರ್ವರಿಯ ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಸೆರಗು ಎಳೆದುಕೊಂಡಳು.

ಮಂಗಳವಾರ ಬೆಳಿಗ್ಗೆ ಚುಕ್ಕೆಗಳಲ್ಲಿ ಕೆಲವು ಬೆಳ್ಳಗೆ ಕೀವು ತುಂಬಿಕೊಂಡಿದ್ದವು. ಸಕ್ಕರೆಯ ಮೈ, ಕೀವಿಗೆ ಅದೇ ಬೇಕಾಗಿತ್ತು. ಡಾಕ್ಟರ್ ಪದ್ಮನಾಭ ತಲೆಯನ್ನು ಆಚೀಚೆ ತಿರುಗಿಸಿ ನೋಡಿ ಕೈಗವಸು ಬಿಚ್ಚಿದರು. "ಇದರ ಮ್ಯಾಲೆ ಕೊಯ್ದ್ರ ಈ ಕೀವು ಸೀದಾ ಮೆದುಳಿಗೆ ಹೋಗ್ತದ. ಚರ್ಮ ಮಾಯೋತನಕ ನಾ ಚಾಕು ಹಿಡಿಯೂದಿಲ್ಲ," ಎಂದರು. ಅಂಬಾದಾಸ, "ಸಾಹೇಬ್ರ, ಕಣ್ಣು?" ಎಂದ. ಅವರು ಅವನನ್ನು ನೇರವಾಗಿ ನೋಡಿ ಹೇಳಿದರು, "ಕಣ್ಣಿನ ಚಿಂತಿ ನನಗೂ ಅದ. ಆದ್ರ ಜೀವ ಮೊದಲು."

ಮನೆಗೆ ವಾಪಸು ಬಂದರು. ಒಂದೊಂದು ದಿನ ಕಳೆಯುವುದೂ ಅಂಬಾದಾಸನಿಗೆ ಕಷ್ಟವಾಯಿತು. ರಜೆ ಹಾಕಿ ಮನೆಯಲ್ಲೇ ಕುಳಿತ. ಹೇಳಿದ ಹೊತ್ತಿಗೆ ಇನ್ಸುಲಿನ್ ಕೊಡಿಸಿದ, ಮುಲಾಮು ಹಚ್ಚಿದ, ಹಚ್ಚುವ ಮೊದಲು ಮೊಣಕೈವರೆಗೆ ಸಾಬೂನು ಉಜ್ಜಿದ. ಅನ್ನ ಬಿಟ್ಟು ಜೋಳದ ರೊಟ್ಟಿ, ಪುಂಡಿಪಲ್ಲೆಗೆ ಇಳಿದರು. ಗಂಗಾಬಾಯಿ ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು, ಆಕೆ ಬೈಯಲಿಲ್ಲ. ಎಡಕ್ಕಿದ್ದ ನೀರಿನ ಚೊಂಬಿಗಾಗಿ ಕೈಯಿಂದ ತಡಕಾಡುತ್ತಿದ್ದಳು, ಅವನು ನೋಡುತ್ತಿದ್ದ.

ಒಂದು ಸಂಜೆ ಮುಲಾಮು ಹಚ್ಚುವಾಗ ಆಕೆಯೇ ಕೇಳಿದಳು. "ಬೆರಳಗಲ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ?"

ಅಂಬಾದಾಸ ಮುಲಾಮಿನ ಮುಚ್ಚಳ ತಿರುಗಿಸುತ್ತ ಕುಳಿತ. "ಆ ಸಿಸ್ಟರ್ ಹೇಳಿದ್ದು ಖರೇ ಅಂತ ನಾ ಒಪ್ಪಿದ್ರ, ನಾ ಬೋಳಿಸಿದ ತಲಿ ಎಲ್ಲಾ..." ಎಂದ. ಮುಚ್ಚಳವನ್ನು ಕೆಳಗಿಟ್ಟ. "ನಿನ್ನ ತಲಿ ಚೊಕ್ಕ ಮಾಯ್ದಿತ್ತಂದ್ರ ಆಕಿ ಮಾತು ಸುಳ್ಳು ಆಗ್ತಿತ್ತು ಗಂಗಾ."

"ಅದಕ್ಕ ನನ್ನ ತಲಿ ಬೇಕಾಗಿತ್ತೇನು?"

ಅವನು ಅಳತೊಡಗಿದ. ಮದುವೆಯಾದಾಗಿನಿಂದ ಗಂಗಾಬಾಯಿ ಅವನು ಅತ್ತದ್ದನ್ನು ನೋಡಿರಲಿಲ್ಲ. ಆಕೆಗೂ ಸಿಟ್ಟು ಇತ್ತು, ಇರಬೇಕಾದದ್ದೇ. ಆ ಸಿಟ್ಟಿನಲ್ಲೇ ಸೆರಗಿನಿಂದ ಅವನ ಮುಖ ಒರೆಸಿ, "ಅಳಬ್ಯಾಡ್ರಿ, ಮತ್ತ ಕೈ ತೊಳಕೊಂಡು ಬರ್ರಿ, ಮುಲಾಮು ಅರ್ಧಾ ಆಗೈತಿ," ಎಂದಳು.

ಚರ್ಮ ಮಾಯಿತು, ಸಕ್ಕರೆ ಇಳಿಯಿತು, ಡಾಕ್ಟರು ಒಪ್ಪಿದರು. ಈ ಸಲ ಅಂಬಾದಾಸ ಹೇಳಿದ ಮಾತಿನಲ್ಲಿ ಒಂದಕ್ಷರ ತಪ್ಪಲಿಲ್ಲ. ಹಿಂದಿನ ಸಂಜೆಯೂ ಅಂದು ಬೆಳಿಗ್ಗೆಯೂ ಔಷಧಿಯ ಸಾಬೂನಿನಿಂದ ತಲೆ ತೊಳೆಸಿದ. ಆಗಷ್ಟೇ ಚಿಗುರುತ್ತಿದ್ದ ಕೂದಲನ್ನು ಶರ್ವರಿ ಕೊಯ್ಯುವ ಗೆರೆಯಷ್ಟು ಮಷೀನಿನಿಂದ ತೆಗೆದಳು. ಕೊಯ್ಯುವ ಮೊದಲೇ ರಕ್ತಕ್ಕೆ ಸೇರುವಂತೆ ನಂಜು ತಡೆಯುವ ಇಂಜೆಕ್ಷನ್ ಕೊಟ್ಟರು. ಟ್ರಾಲಿ ಒಳಗೆ ಹೋಯಿತು. ಅಂಬಾದಾಸ ತಾನೇ ಎಷ್ಟೋ ಚಾದರ ಹೊತ್ತು ತಿರುಗಿದ ಆ ಬಾಗಿಲ ಮುಂದೆ, ಯಾವುದೋ ಹಳ್ಳಿಯಿಂದ ಮೊದಲ ಸಲ ಬಂದವನ ಹಾಗೆ ಕುಳಿತಿದ್ದ.

ಗಡ್ಡೆ ಪೂರ್ತಿ ಹೊರಗೆ ಬಂತು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಎದುರಿನದು ಕಾಣಿಸಿತು, ಹೊರಗಿನ ಅಂಚು ಮಾತ್ರ ತಿರುಗಿ ಬರಲಿಲ್ಲ. ಎಡಕ್ಕೆ ನಿಂತವರು ಗಂಗಾಬಾಯಿಗೆ ಇಲ್ಲವೇ ಇಲ್ಲ. "ಆ ಅಂಚು ಮೊದಲೇ ಹೋಗಿತ್ತೋ, ಈ ನಡುವಿನ ದಿನದಾಗ ಹೋತೋ, ಹೇಳಲಿಕ್ಕೆ ಬರೂದಿಲ್ಲ," ಎಂದರು ಡಾಕ್ಟರ್ ಪದ್ಮನಾಭ. ಅವರಿಗೆ ಬರದಿದ್ದರೂ ಅಂಬಾದಾಸ ತನ್ನ ಮಟ್ಟಿಗೆ ತೀರ್ಮಾನ ಮಾಡಿಕೊಂಡ. ಆ ಮಾತನ್ನು ಅವನು ಯಾರ ಜೊತೆಗೂ ವಾದಿಸುವುದಿಲ್ಲ.

ಆಮೇಲೆ ಅಂಬಾದಾಸ ಕಾವಲು ನಿಂತದ್ದನ್ನು ನೋಡಬೇಕಾಗಿತ್ತು. ಗಂಗಾಬಾಯಿಯ ತಮ್ಮ ಅಮರಯ್ಯ ಮಣಿಕೊಂಡದಲ್ಲಿ ಗಾರೆ ಕೆಲಸ ಮಾಡುವವನು, ಕೆಲಸ ಬಿಟ್ಟು ಸೀದಾ ಬಂದ, ಜೇಬಿನಲ್ಲಿ ಮೈಲಾಪುರದ ಮೈಲಾರಲಿಂಗನ ಭಂಡಾರದ ಪೊಟ್ಟಣ. ಅಕ್ಕನ ತಲೆಗೆ ಆ ಅರಿಶಿನದ ಪುಡಿ ಹಚ್ಚಿದರೆ ದೇವರೇ ಕಾಯುತ್ತಾನೆ ಎಂದು ಅವನ ನಂಬಿಕೆ. ಅಂಬಾದಾಸ ವಾರ್ಡಿನ ಬಾಗಿಲಲ್ಲೇ ತಡೆದು, ಅವನ ಎರಡೂ ಕೈಗೆ ಕೈತೊಳೆಯುವ ಬಾಟಲಿಯ ಔಷಧಿ ಸುರಿದ.

"ಏನ್ ಮಾಮಾ, ದೇವ್ರ ಭಂಡಾರಕ್ಕೂ ಅಡ್ಡ ಬರ್ತಿ?" ಎಂದು ಅಮರಯ್ಯ ಕೆಂಡವಾದ.

"ಭಂಡಾರ ನನ್ನ ಹಣಿಗೆ ಹಚ್ಚು, ನಿನ್ನ ಹಣಿಗೆ ಹಚ್ಕೋ. ಆಕಿ ಹೊಲಿಗಿ ಹತ್ರ ದೇವ್ರ ಬಂದ್ರೂ ಕೈ ತೊಳ್ಕೊಂಡೇ ಬರಬೇಕು."

ಅಮರಯ್ಯ ಗೊಣಗಿದ, ಆದರೂ ಭಾವನ ಹಣೆಗೇ ಹಚ್ಚಿದ. ಒಳಗೆ ಮಲಗಿದ್ದ ಗಂಗಾಬಾಯಿ ಆಪರೇಷನ್ನಾದ ಮೇಲೆ ಮೊದಲ ಸಲ ನಕ್ಕಳು.

ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ದಿಂಬಿನ ಚೀಲದ ಮೇಲೆ ಅಂಗೈಯಷ್ಟು ಒದ್ದೆ ಕಾಣಿಸಿತು. ಬಣ್ಣವಿಲ್ಲ, ವಾಸನೆಯಿಲ್ಲ. "ಬೆವರು ಬಂದೈತಿ, ಬಿಡ್ರಿ. ಹೇಳಿದ್ರ ಮತ್ತ ಮನಿಗೆ ಬಿಡೂದಿಲ್ಲ," ಎಂದಳು ಗಂಗಾಬಾಯಿ. ಆಕೆಗೆ ಮನೆಯ ಹಂಬಲ ಹತ್ತಿತ್ತು. ಅಂಬಾದಾಸ ಚಾದರ, ದಿಂಬು ಮಡಿಸಿ ಬದುಕಿದವನು, ಬೆವರಿನ ಕಲೆ ಯಾವುದೆಂದು ಅವನಿಗೆ ಗೊತ್ತು. ದಿಂಬನ್ನು ಹಾಗೇ ಎತ್ತಿಕೊಂಡು ಶರ್ವರಿಯ ಕೋಣೆಗೆ ಓಡಿದ. ಮೆದುಳಿನ ಸುತ್ತ ನೀರಿರುತ್ತದೆ. ಅದು ಹೊರಗೆ ಬರುವ ದಾರಿಯೇ ಹುಳ ಒಳಗೆ ಹೋಗುವ ದಾರಿ. ಡಾಕ್ಟರು ಕೂಡಲೇ ಬಂದು ಇನ್ನೊಂದು ಹೊಲಿಗೆ ಬಿಗಿದರು, ನೀರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅಂಬಾದಾಸ ಹೆಂಡತಿಯ ಹಣೆ ಮುಟ್ಟಿ ಮುಟ್ಟಿ ಜ್ವರ ನೋಡಿದ, ನಂಜೇರಿದರೆ ಸೆಟೆಯುವ ಕತ್ತು ಬಗ್ಗುತ್ತದೆಯೇ ಎಂದು ಕೇಳಿ ಕೇಳಿ ಆಕೆಯಿಂದ ಬೈಸಿಕೊಂಡ. ನೀರು ಶುದ್ಧವಾಗಿತ್ತು. "ಕಾಕಾ, ಇವತ್ತ ತಡಾ ಮಾಡಿದ್ರ ಕಷ್ಟ ಇತ್ತು," ಎಂದಳು ಶರ್ವರಿ. ಅಂಬಾದಾಸ ಆಕೆಯ ಮುಂದೆ ಕೈಕಟ್ಟಿ ನಿಂತ.

"ಸಿಸ್ಟರ್, ಹರಕಿ ಇರಲಿಲ್ಲ. ನಾನೇ ತಗದಿದ್ದೆ."

"ಗೊತ್ತು ಕಾಕಾ."

"ಆ ಬಾಚಣಿಗಿ ಕೆಲಸ ಇನ್ನೂ ಐತೇನ್ರಿ?"

ಕೆಲಸ ಇತ್ತು, ಅದು ಅವನಿಗೆ ಬರುತ್ತಿರಲಿಲ್ಲ ಅಷ್ಟೇ. ಬೈತಲೆ ತೆಗೆಯುವುದು ಅವನಿಗೆ ಸುಲಭ, ಜಡೆ ಹೆಣೆಯಲು ಹೋದರೆ ಬೆರಳುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಮನೆಗೆ ಬಂದ ಗಂಗಾಬಾಯಿ ಜಂಪರ್ ಬಟ್ಟೆಯ ಮೂರು ಚೂರು ಪಟ್ಟಿಗಳನ್ನು ಕಿಟಕಿಯ ಸರಳಿಗೆ ಕಟ್ಟಿ ಕಲಿಸಿದಳು. "ಬಲಗಡೀದು ನಡಕ್ಕ, ಎಡಗಡೀದು ನಡಕ್ಕ. ಎಳೀಬ್ಯಾಡ್ರಿ, ಅದೇನು ಎತ್ತಿನ ಹಗ್ಗಲ್ಲ." ಕಣ್ಣಿಗೆ ಪೂರ್ತಿ ಕಾಣದಿದ್ದಲ್ಲಿ ಬೆರಳಿಂದ ಮುಟ್ಟಿ ನೋಡಿ ತಪ್ಪು ಹಿಡಿಯುತ್ತಿದ್ದಳು. ಅಕ್ಕಪಕ್ಕದ ಕೋಣೆಯವರು ಇಣುಕಿ ನಕ್ಕರು. ನಗಲಿ ಎಂದು ಅಂಬಾದಾಸ ಇನ್ನಷ್ಟು ಬಾಗಿಲು ತೆರೆದಿಟ್ಟ.

ಈಗ ಆ ವಾರ್ಡಿನಲ್ಲಿ ಯಾವ ಹೆಣ್ಣುಮಗಳ ಆಪರೇಷನ್ ಇದ್ದರೂ ಹಿಂದಿನ ಸಂಜೆ ಬಾಚಣಿಗೆ ಹಿಡಿದು ಅಂಬಾದಾಸ ಬರುತ್ತಾನೆ. ಹೇಗೂ ತಲೆ ಬೋಳಿಸುತ್ತಾರಲ್ಲ, ಮೊದಲು ದೇವರಿಗೇ ಮುಡಿ ಕೊಟ್ಟುಬಿಡೋಣ ಎಂದು ಹೊರಡುವವರು ಈಗಲೂ ಇದ್ದಾರೆ. ಅವರನ್ನು ಕೂರಿಸಿಕೊಂಡು, ದೇವರು ಕಾಯುತ್ತಾನೆ, ಗಾಯ ಮಾಯ್ದ ಮೇಲೆ ಕೊಡಿ ಎನ್ನುತ್ತಾನೆ. ಕೇಳದವರಿಗೆ ತನ್ನ ಹೆಂಡತಿಯ ತಲೆಯ ಕಥೆಯನ್ನು ಹೇಳುತ್ತಾನೆ. ಅದರಲ್ಲಿ ಹರಕೆ ಬರುವುದಿಲ್ಲ, ಉಸ್ತರಾ ಬರುತ್ತದೆ. ಹೇಳುವಾಗ ಪ್ರತಿಸಲವೂ ಅವನ ದನಿ ಸ್ವಲ್ಪ ಕುಗ್ಗುತ್ತದೆ.

ಗಂಗಾಬಾಯಿಯ ಕೂದಲು ಮತ್ತೆ ಬೆಳೆದು ಭುಜ ಮುಟ್ಟಿದಾಗ ದಸರೆ ಬಂದಿತ್ತು. ಹಬ್ಬದ ಬೆಳಿಗ್ಗೆ ಆಕೆ ಕನ್ನಡಿಯ ಮುಂದೆ ಕುಳಿತು, "ಇವತ್ತ ಹಾಕ್ರಿ ನೋಡೋಣು," ಎಂದಳು. ಅಂಬಾದಾಸ ಗಾಯದ ಗೆರೆ ಮುಚ್ಚುವ ಹಾಗೆ ಬೈತಲೆ ತೆಗೆದು, ಎಳೆಯದೆ, ನೋಯಿಸದೆ, ಗೇಣುದ್ದದ ಜಡೆ ಹೆಣೆದ. ಮಾರ್ಕೆಟ್ಟಿನಿಂದ ತಂದ ಮಲ್ಲಿಗೆಯ ಮೊಳವನ್ನು ಹಿಡಿದು ಪಕ್ಕಕ್ಕೆ ಬಂದು ನಿಂತು, ಆಕೆ ತೆಗೆದುಕೊಳ್ಳಲಿ ಎಂದು ಮುಂದೆ ಚಾಚಿದ.

ಗಂಗಾಬಾಯಿ ಎದುರಿಗೇ ನೋಡುತ್ತ, "ಎಲ್ಲಿ ಹೋದ್ರಿ? ಹೂವು ತಂದೀನಿ ಅಂದ್ರಿ?" ಎಂದಳು.

ಹೂವು ಆಕೆಯ ಎಡಭುಜದ ಪಕ್ಕದಲ್ಲೇ ಇತ್ತು, ಹಿಡಿದ ಕೈಯೂ ಇತ್ತು. ಅಂಬಾದಾಸ ಕೈ ಹಿಂದಕ್ಕೆ ತೆಗೆದುಕೊಂಡ. ಹಿಂದಿನಿಂದ ಸುತ್ತಿಕೊಂಡು ಬಲಕ್ಕೆ ಬಂದ. "ಇಲ್ಲೇ ಅದೀನಿ," ಎಂದ.

ಆಕೆಗೆ ಅರ್ಥವಾಯಿತು. ಹೂವು ಇಸಿದುಕೊಂಡು, ಅವನ ಕೈಯನ್ನು ಬಿಡದೆ ಹೇಳಿದಳು:

"ಇನ್ನ ಮ್ಯಾಲೆ ಈ ಕಡೀನೇ ನಿಂದರ್ರಿ."